ತೂಬಿಗೆ ಕತ್ತಿ ಬೀಸಿದವರು

ಶ್ರಾವಣ ಹುಟ್ಟಿ ಮೂರನೆಯ ದಿನ, ಭಾನುವಾರ, ಅಗರದ ಜನ ಉಂಡ ತಟ್ಟೆ ತೊಳೆದಿಟ್ಟು ಜಗಲಿಯ ಮೇಲೆ ಅಡ್ಡಾಗುವ ಹೊತ್ತಿನಲ್ಲಿ ಇದು ಶುರುವಾಯಿತು. ಕೆರೆ ತುಂಬಿತ್ತು. ಭತ್ತದ ಒಟ್ಲು ಗೇಣುದ್ದ ಎದ್ದು ನಾಟಿಗೆ ಕಾಯುತ್ತಿತ್ತು. ಇನ್ನು ಹತ್ತು ದಿನಕ್ಕೆ ತೂಬು ಎತ್ತಬೇಕು. ಎತ್ತುವವರು ಯಾರು ಎನ್ನುವುದೊಂದು ಮಾತ್ರ ತೀರ್ಮಾನವಾಗಿರಲಿಲ್ಲ.

ನಲವತ್ತೆರಡು ವರ್ಷ ಎತ್ತಿದವನು ಪುಟ್ಟಸಿದ್ದಯ್ಯ. ಊರಿನ ನೀರುಗಂಟಿ. ಕೆರೆಯ ನೀರು ಯಾರ ಗದ್ದೆಗೆ ಯಾವಾಗ ಹೋಗಬೇಕು, ಎಷ್ಟು ಹೋಗಬೇಕು ಎಂದು ಹೇಳುವುದು ಅವನ ಕೆಲಸ. ಹೋದ ಬೇಸಿಗೆಯಲ್ಲಿ ಅವನ ಬಲಗಡೆಯ ಹೆಗಲು ಸೋತುಹೋಯಿತು. ಈಗ ಚೊಂಬು ಎತ್ತಿ ನೀರು ಕುಡಿಯಲೂ ಎಡಗೈ ಬೇಕು. ತೂಬಿನ ಚಕ್ರಕ್ಕೆ ಸಿಕ್ಕಿಸಿ ತಿರುಗಿಸುವ ಕಬ್ಬಿಣದ ಹ್ಯಾಂಡಲು ಮಾತ್ರ ಇನ್ನೂ ಅವನ ಮನೆಯ ಬಾಗಿಲ ಹಿಂದೆಯೇ ಒರಗಿತ್ತು. ಅದನ್ನು ಅವನು ಏರಿಯ ಮೇಲೆ ನಾಲ್ಕು ಜನರ ಮುಂದೆ ಯಾರ ಕೈಗೆ ಕೊಡುತ್ತಾನೋ ಅವರೇ ಮುಂದಿನ ನೀರುಗಂಟಿ.

ಕೇಳುವವರು ಇಬ್ಬರಿದ್ದರು. ಹಿರಿಮಗನ ಮಗ ಮಾದೇಶ, ಕಿರಿಮಗನ ಮಗಳು ಪುಷ್ಪ. ಮಾದೇಶ ಕೊಳ್ಳೇಗಾಲದ ಒಂದು ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಪುಷ್ಪ ಡಿಗ್ರಿ ಮುಗಿಸಿ ಎರಡು ಮಳೆಗಾಲದಿಂದ ತಾತನ ಹಿಂದೆ ಹಿಂದೆ ಕಾಲುವೆ ಸುತ್ತಿದವಳು. ಊರಿನವರ ಬಾಯಲ್ಲಿ ಮಾದೇಶನೇ ಆಗಲೇ ನೀರುಗಂಟಿಯಾಗಿ ಹೋಗಿದ್ದ. ಹೆಣ್ಣುಮಗಳು ಕೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ, ಬಿದ್ದರೂ ಅದು ನಗುವ ವಿಷಯ.

ಆ ಭಾನುವಾರ ಮಾದೇಶ ಅಂಗಡಿಗೆ ಯಾರೋ ಮಾರಿ ಹೋದ ಆಟದ ಮಿಷೀನೊಂದನ್ನು ತಂದು ಟಿವಿಗೆ ಸಿಕ್ಕಿಸಿದ. ಜೊತೆಗೆ ಉದಯಕುಮಾರ ಬಂದು ಕೂತ. ಕೆರೆಯ ಕೆಳಗೆ ತೂಬಿಗೆ ಹತ್ತಿರದ ಗದ್ದೆಗಳೆಲ್ಲ ಇವನ ಅಪ್ಪ ಶಿವರುದ್ರಸ್ವಾಮಿಯವರವು. ಪುಷ್ಪ ಗೋಡೆಗೊರಗಿ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆ ತೆರೆದುಕೊಂಡಳು. ಮುದುಕ ಹೊಸ್ತಿಲ ಹತ್ತಿರ ಗೋಣಿಚೀಲದ ಮೇಲೆ ಕುಳಿತು ನೋಡಿದ.

ಆಟದೊಳಗೆ ಕೆಂಪು ಕಂಬಳಿ ಹೊದ್ದ ಒಬ್ಬ ಹುಡುಗ. ಅವನು ನೀರು ತುಂಬಿದ ಗವಿಯೊಂದಕ್ಕೆ ಇಳಿಯಬೇಕು. ಗವಿಯಲ್ಲಿ ಮೇಲೆ, ನಡುವೆ, ಕೆಳಗೆ ಎಂದು ಮೂರು ಕೋಣೆ. ಒಂದೊಂದಕ್ಕೂ ಒಂದೊಂದು ಕಲ್ಲಿನ ಚಕ್ರ. ತಿರುಗಿಸಿದರೆ ಆ ಕೋಣೆಗೆ ನೀರು ತುಂಬುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ಸರಿಯಾದ ಸರದಿಯಲ್ಲಿ ತಿರುಗಿಸಿದರೆ ಕೊನೆಯ ಬಾಗಿಲು ತೆಗೆಯುತ್ತದೆ. ಐಕಳು ಇದಕ್ಕೆ ಡಂಜನ್ ಎನ್ನುತ್ತಿದ್ದರು. ಪುಟ್ಟಸಿದ್ದಯ್ಯ ಗವಿ ಎಂದೇ ಕರೆದ.

"ಎಕ್ಸ್ ಒತ್ತಿ ಇಡ್ಕಳ್ಲಾ, ಬುಡ್ಬೇಡ," ಎಂದ ಮಾದೇಶ, ಆಟದ ಗುಂಡಿಗಳಿದ್ದ ಕಂಟ್ರೋಲರ್ ಹಿಡಿದಿದ್ದ ಉದಯಕುಮಾರನಿಗೆ. "ಒತ್ಕಂಡೇ ಕಡ್ಡಿ ಸುತ್ಸು."

"ಒತ್ಕಂಡೇ ಇವ್ನಿ ಕಣ್ಲಾ. ಕತ್ತಿ ಈಚ್ಗೆ ಬತ್ತದೆ."

"ಅದು ಚೌಕ ಒತ್ತಿದ್ರೆ ಬರದು. ನಿನ್ ಬೆಟ್ಟು ಬದ್ನೆಕಾಯಿ ಇದ್ದಂಗವೆ, ಒಂದೇ ಸಲಕ್ಕೆ ಎರಡು ಒತ್ತಿಬುಡ್ತವೆ."

ಟಿವಿಯಲ್ಲಿ ಕೆಂಪು ಕಂಬಳಿಯವನು ಕಲ್ಲಿನ ಚಕ್ರಕ್ಕೆ ಕತ್ತಿಯಿಂದ ಬಡಿಯುತ್ತಲೇ ಇದ್ದ. ಠಣ್ ಠಣ್ ಎಂದು ಕಿಡಿ ಹಾರುತ್ತಿತ್ತು. ಚಕ್ರ ಕದಲಲಿಲ್ಲ.

"ಉದಯಪ್ಪ," ಎಂದ ಮುದುಕ. "ಅದ್ಯಾಕಪ್ಪ ತೂಬಿಗೆ ಒಡೀತಿದ್ದೀಯ? ಅದೇನ್ ಮಾಡ್ತು ನಿಂಗೆ?"

ಪುಷ್ಪ ನೋಟ್‌ಬುಕ್ಕಿನ ಹಿಂದೆ ಮುಖ ಮುಚ್ಚಿಕೊಂಡಳು. ಉದಯಕುಮಾರ ಕಂಟ್ರೋಲರ್ ಅನ್ನು ಮಾದೇಶನ ಮಡಿಲಿಗೆ ಎಸೆದ. "ಇದ್ರ ಬಟನ್ನೇ ಸರಿಯಿಲ್ಲ, ಬುಡು."

ಬಟನ್ನು ಸರಿಯಾಗಿಯೇ ಇತ್ತು. ಮಾದೇಶ ತೆಗೆದುಕೊಂಡ ಕೂಡಲೇ ಚಕ್ರ ತಿರುಗಿತು, ಆಳುದ್ದ ನೀರು ಉಸಿರು ಬಿಡುವಷ್ಟರಲ್ಲಿ ಏರಿ ನಿಂತಿತು. ಮುದುಕನಿಗೆ ಅದೂ ಹಿಡಿಸಲಿಲ್ಲ.

"ಈ ಗವಿ ಕಟ್ಟಿದೋನು ನೀರ ಕಂಡೋನಲ್ಲ ಕನ. ಎಲ್ಲಿಂದ ಬತ್ತು ಅಷ್ಟು ನೀರು? ಒಂದು ಸುತ್ತಿಗೆ ಕೆರೆ ತುಂಬುತ್ತಾ?"

"ಗೇಮು ತಾತ ಅದು," ಎಂದ ಮಾದೇಶ.

"ಗೇಮಾದ್ರೆ ನೀರು ನೀರಲ್ವಾ?"

ಅವನು ಯಾವುದನ್ನೂ ಬಿಡಲಿಲ್ಲ. ಸೋರದ ಗೋಡೆಯನ್ನು ಹೀಗಳೆದ, ನೀರೊಳಗೆ ಆರದ ದೀವಟಿಗೆಯನ್ನು ಹೀಗಳೆದ. ಹೂಳಿಲ್ಲ, ಪಾಚಿಯಿಲ್ಲ, ಒಂದು ಕಪ್ಪೆಯಾದರೂ ಬೇಡವೇ ಎಂದ. ಒಂದೇ ಒಂದಕ್ಕೆ ಮಾತ್ರ ಬಾಯಿ ಮುಚ್ಚಿಕೊಂಡ. ಕೆಂಪು ಕಂಬಳಿಯವನು ತಳಕ್ಕೆ ಹೋಗಬೇಕಾದಾಗ ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಮುಳುಗುತ್ತಿದ್ದ. ಅದನ್ನು ಕಂಡಾಗಲೆಲ್ಲ ಮುದುಕ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸುತ್ತಿದ್ದ.

ಹುಡುಗರು ಸರದಿ ಗೊತ್ತಾಗದೆ ಒದ್ದಾಡಿದರು. ಮೇಲಿನದು ಮೊದಲೋ ನಡುವಿನದು ಮೊದಲೋ ಎಂದು ಕಿತ್ತಾಡಿದರು. ಕೊನೆಗೆ ಪುಟ್ಟಸಿದ್ದಯ್ಯನೇ ಗಂಟಲು ಸರಿಮಾಡಿಕೊಂಡ.

"ಇಷ್ಟಕ್ಕೆ ಇಷ್ಟೊಂದು ಜಗಳವಾ? ಕೊನೆಗದ್ದೆಗೆ ಮೊದ್ಲು ನೀರು. ಕೆಳ್ಗಿನ ಕೋಣೆ ಮೊದ್ಲು ತುಂಬ್ಸಿ, ಆಮ್ಯಾಕೆ ನಡೂಲಿಂದು, ಆಮ್ಯಾಕೆ ಮೇಲ್ಗಡೇದು. ಅಷ್ಟೇಯ."

ಅಗರದ ಕೆರೆಯ ಕಟ್ಟಳೆ ಅದು. ತೂಬಿಗೆ ದೂರವಾದ ಗದ್ದೆ ಮೊದಲು ಕುಡಿಯಬೇಕು, ಹತ್ತಿರದ್ದು ಕೊನೆಗೆ. ಹತ್ತಿರದವರು ಮೊದಲು ಕುಡಿದರೆ ದೂರದವರಿಗೆ ಹನಿಯೂ ಸಿಗುವುದಿಲ್ಲ. ಮುದುಕನಿಗೆ ತಿಳಿದ ಮಟ್ಟಿಗೆ ಲೋಕದ ನೀರಿಗೆಲ್ಲ ಅದೇ ಕಟ್ಟಳೆ.

"ಆಂ, ನೋಡ್ಲಾ ಉದಯ," ಎಂದು ಮಾದೇಶ ತೊಡೆ ತಟ್ಟಿದ. "ತಾತ ಒಂದೇ ಏಟಿಗೆ ಏಳಿಬುಡ್ತು." ಕೆಳಗಿನ ಕೋಣೆ ತುಂಬಿಸಿದ. ಕೆಂಪು ಕಂಬಳಿಯವನು ನೀರೊಳಗೆ ಉಸಿರು ಕಟ್ಟಿ ಕೈಕಾಲು ಬಡಿದು ಸತ್ತ.

"ಒಸಿ ನಿಧಾನ ಮಾಡ್ದೆ ಅನ್ಸುತ್ತೆ," ಎಂದು ಇನ್ನೊಮ್ಮೆ ತುಂಬಿಸಿದ. ಇನ್ನೊಮ್ಮೆ ಸತ್ತ. ಮೂರನೆಯ ಸಲವೂ ಸತ್ತ. "ತಾತ ಏಳಿದ್ದೇ ಸರಿ, ನನ್ ಕೈಯೇ ಸರಿಯಿಲ್ಲ ಇವತ್ತು," ಎಂದ ಮಾದೇಶ.

ಪುಷ್ಪ ತಲೆಯೆತ್ತಿದಳು. "ಇಲ್ಲ ತಾತ. ನೀನಂದಿದ್ದೇ ತಪ್ಪು."

"ಏನಂದೆ?"

"ಕೆಳ್ಗಿನ ಕೋಣೇಲಿ ಬೀಗದ ಕೈ ಬಿದ್ದದೆ. ನೆಲ ಒಣಗಿರುವಾಗ್ಲೇ ಓಗಿ ಎತ್ಕಬೇಕು. ಅದ್ನ ಕೊನೇಲಿ ತುಂಬ್ಸಬೇಕು. ಇಲ್ನೋಡು, ಬರ್ದಿವ್ನಿ." ಗವಿಯ ಮೂರು ಕೋಣೆಯನ್ನೂ ಗೆರೆ ಎಳೆದು ಬರೆದಿದ್ದಳು.

"ಸುಮ್ಕಿರಮ್ಮಿ," ಎಂದ ಮಾದೇಶ. "ತಾತ ಒಂದು ಮಾತು ಏಳಿದ್ಮೇಲೆ ಮುಗೀತು."

"ನಲ್ವತ್ತೆರಡು ವರ್ಸ ನೀರು ಬುಟ್ಟಿವ್ನಿ ನಾನು," ಎಂದ ಮುದುಕ.

"ನಿನ್ ಕೆರೇಲಿ ನೀನಂದಂಗೇ ಸರಿ ತಾತ. ಇಲ್ಲಿ ತಪ್ಪು."

ಪುಟ್ಟಸಿದ್ದಯ್ಯ ಎದ್ದು ಟವೆಲ್ಲು ಕೊಡವಿ ಹೊರಗೆ ಹೋದ. ವಾರವೆಲ್ಲ ಅವಳ ಕಡೆ ತಿರುಗಿ ಮಾತಾಡಲಿಲ್ಲ. ಅವಳು ತಪ್ಪಾಯಿತು ಎಂದು ಬರಲೂ ಇಲ್ಲ. ಟೀ ತಂದು ಕುಕ್ಕುವಳು, ಲೋಟ ಎತ್ತಿಕೊಂಡು ಹೋಗುವಳು. ಇಷ್ಟು ಕೊಬ್ಬು ಯಾರಿಂದ ಬಂತು ಎಂದು ಮುದುಕ ಯೋಚಿಸಿದ. ಹೆಂಡತಿ ರಂಗಮ್ಮನನ್ನು ಕೇಳಿದ್ದರೆ ಯಾರಿಂದ ಎಂದು ಹೇಳುತ್ತಿದ್ದಳು. ಅದಕ್ಕೇ ಕೇಳಲಿಲ್ಲ.

ಮುಂದಿನ ಭಾನುವಾರ ಅದೇ ಹೊತ್ತಿಗೆ ಮತ್ತೆ ಆಟ. ಮುದುಕ ಬೇಡವೆಂದುಕೊಂಡರೂ ಹೊಸ್ತಿಲಿಗೆ ಬಂದು ಕೂತ. ಮಾದೇಶ ಕಂಟ್ರೋಲರ್ ಹಿಡಿದವನೇ ಒಣಗಿದ ಕೋಣೆಗೆ ಇಳಿದು ಬೀಗದ ಕೈ ಎತ್ತಿಕೊಂಡ. ಮೇಲಿನದು ತುಂಬಿಸಿದ, ನಡುವಿನದು ತುಂಬಿಸಿದ, ಕೆಳಗಿನದನ್ನು ಕೊನೆಗೆ ತುಂಬಿಸಿದ. ಎಲ್ಲೂ ತಡವರಿಸಲಿಲ್ಲ. ಪಾಚಿಯಿಲ್ಲದ ಬಾಗಿಲೊಂದು ತೆರೆದುಕೊಂಡಿತು. ಅದರಾಚೆ ಇನ್ನೊಂದು ಗವಿ ಇತ್ತು.

"ಇದ್ಯಾವಾಗ ಗೊತ್ತಾಯ್ತ್ಲಾ ನಿಂಗೆ?" ಎಂದು ಮುದುಕ ಕೇಳಿದ.

"ಆವತ್ತೇ ಗೊತ್ತಿತ್ತು ತಾತ. ಬೆಳಗ್ಗೇನೆ ಫೋನಲ್ಲಿ ನೋಡ್ಕಂಡಿದ್ದೆ. ಎಲ್ಲಾ ತೋರಿಸ್ತಾರೆ ಅದ್ರಲ್ಲಿ."

"ಮತ್ತೆ ಮೂರು ಸಲ ಯಾಕ್ಲಾ ಸತ್ತೆ?"

ಮಾದೇಶ ಮಗುವಿನ ಹಾಗೆ ನಕ್ಕ. ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ. "ದೊಡ್ಡೋರು ಏಳ್ದಾಗ ತಪ್ಪು ಅನ್ನಕಾಯ್ತದಾ ತಾತ? ನಿನ್ ಮನ್ಸು ನೋಯ್ತಿತ್ತು."

ಉದಯಕುಮಾರ ಇದೇ ಸಮಯವೆಂದು ನಡುವೆ ಬಾಯಿ ಹಾಕಿದ. "ಅಂದಂಗೆ ಸಿದ್ದಯ್ಯ, ನಮ್ಮಪ್ಪಾಜಿ ಏಳಿ ಕಳ್ಸವ್ರೆ. ಈ ಸಲ ನಮ್ ಗದ್ದೆಗೆ ಎರಡು ದಿನ ಮೊದ್ಲೇ ನೀರು ಬೇಕು, ನಾಟಿ ಆಳು ಗೊತ್ತು ಮಾಡಾಯ್ತು. ಮಾದೇಶ ಊಂ ಅಂದವ್ನೆ."

ಮುದುಕ ಮೊಮ್ಮಗನನ್ನು ನೋಡಿದ. "ಅಂದ್ಯಾ?"

"ಅಂದೆ ತಾತ. ಅವ್ರೂ ದೊಡ್ಡೋರಲ್ವಾ."

ಮುದುಕನಿಗೆ ಉದಯಕುಮಾರನ ಅಜ್ಜನ ಕಾಲ ನೆನಪಾಯಿತು. ಮಳೆ ಕೈಕೊಟ್ಟ ವರ್ಷ, ಇದೇ ತೂಬಿನ ಪಕ್ಕದ ಗದ್ದೆ, ಇದೇ ಮಾತು. ಆಗ ಪುಟ್ಟಸಿದ್ದಯ್ಯನಿಗೆ ಇನ್ನೂ ಮೀಸೆ ಕಪ್ಪಗಿತ್ತು. ಕೊನೆಗದ್ದೆ ಆಗಲಿ ಸ್ವಾಮ್ಯಾರೆ ಎಂದ. ಆ ಯಜಮಾನ ಇವನ ಕೈಯಲ್ಲಿದ್ದ ಹ್ಯಾಂಡಲು ಕಿತ್ತು ಕೆರೆಗೆ ಎಸೆದ. ಏರಿಯ ಮೇಲಿದ್ದವರೆಲ್ಲ ನಕ್ಕರು. ಪುಟ್ಟಸಿದ್ದಯ್ಯ ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಎರಡು ದಿನ ಮುಳುಗಿ ಮುಳುಗಿ ಹುಡುಕಿದ. ಮೂರನೆಯ ದಿನ ಹ್ಯಾಂಡಲು ಕೈಗೆ ಸಿಕ್ಕಿತು, ಕೊನೆಗದ್ದೆಗೆ ನೀರೂ ಹೋಯಿತು. ನಕ್ಕವರಲ್ಲಿ ಕೊನೆಗದ್ದೆಯವರೂ ಇದ್ದರು. ಅದನ್ನು ಅವನು ಮರೆತಿರಲಿಲ್ಲ.

ಬುಧವಾರ ಬೆಳಗ್ಗೆ ತೂಬು ಎತ್ತುವುದು. ಮಂಗಳವಾರ ಸಂಜೆ ಪುಷ್ಪ ಟೀ ತಂದಾಗ ಅವನೇ ಮಾತಾಡಿದ.

"ಆ ಗವೀಲಿ ನಾನಂದಿದ್ದು ತಪ್ಪಾ?"

"ತಪ್ಪೇ ತಾತ."

"ಇವತ್ತೂ?"

"ಇವತ್ತೂ."

ಮುದುಕ ಟೀ ಕುಡಿದು ಲೋಟ ಕೊಟ್ಟ. "ಸಕ್ರೆ ಜಾಸ್ತಿ ಆಗ್ಯದೆ," ಎಂದ. ಆಗಿರಲಿಲ್ಲ.

ಏರಿಯ ಮೇಲೆ ಇಪ್ಪತ್ತು ಜನ ಸೇರಿದ್ದರು. ಶಿವರುದ್ರಸ್ವಾಮಿಯವರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದಿದ್ದರು. ಮಾದೇಶ ಹೊಸ ಶರ್ಟು ಹಾಕಿಕೊಂಡು ಮುಂದೆಯೇ ನಿಂತಿದ್ದ, ಉದಯಕುಮಾರ ಫೋಟೋ ಹೊಡೆಯಲು ಫೋನು ಎತ್ತಿ ಹಿಡಿದಿದ್ದ. ಪುಟ್ಟಸಿದ್ದಯ್ಯ ಎಡಗೈಯಲ್ಲಿ ಹ್ಯಾಂಡಲು ಹಿಡಿದು ನಿಧಾನವಾಗಿ ನಡೆದುಬಂದ. ಮಾದೇಶನನ್ನು ದಾಟಿ ಮುಂದೆ ಹೋಗಿ, ಹಿಂದೆ ನಿಂತಿದ್ದ ಪುಷ್ಪಳ ಕೈಗೆ ಕೊಟ್ಟ.

ಎಲ್ಲರೂ ಒಟ್ಟಿಗೆ ಮಾತಾಡಿದರು.

"ಇದೇನ್ಲಾ, ಹೆಣ್ಣೈಕ ತೂಬು ಎತ್ತದಾ?"

"ಸಿದ್ದಯ್ಯಂಗೆ ಹೆಗಲ ಜೊತೇಲಿ ತಲೇನೂ ಓಗ್ಯದೆ."

"ಬಳೆ ಚಕ್ರಕ್ಕೆ ಸಿಕ್ಕಾಕತ್ತದೆ, ಬಿಚ್ಚಿಡು ಕಣಮ್ಮಿ."

ಪುಷ್ಪ ಬಳೆ ಬಿಚ್ಚಲಿಲ್ಲ. ಹ್ಯಾಂಡಲು ಸಿಕ್ಕಿಸಿ ತಿರುಗಿಸಿದಳು. ಚಕ್ರ ವರ್ಷದ ತುಕ್ಕು ಹಿಡಿದು ಕೂತಿತ್ತು. ಅಲ್ಲಾಡಲಿಲ್ಲ. ಯಾರೋ ನಕ್ಕರು. ಅವಳು ಚಪ್ಪಲಿ ಕಳಚಿ ಕಲ್ಲಿಗೆ ಕಾಲು ಕೊಟ್ಟು, ಮೈಯ ಭಾರವನ್ನೆಲ್ಲ ಹಾಕಿ ಮತ್ತೆ ಒತ್ತಿದಳು. ಚಕ್ರ ಕಿರ್ರ್ ಎಂದು ಕಾಲು ಸುತ್ತು ಬಂತು. ತೂಬಿನ ಬಾಯಲ್ಲಿ ಮೊದಲು ಕೆಸರು ಬಂತು, ಹಿಂದೆಯೇ ನೀರು ಬಂತು. ಒಂದು ಸುತ್ತಿಗೆ ಏನೂ ತುಂಬಲಿಲ್ಲ. ಕಾಲುವೆಯ ತಳ ನೆನೆಯಲು ಎಲೆಯಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಹಿಡಿಯಿತು.

ಶಿವರುದ್ರಸ್ವಾಮಿಯವರು ಮುಂದೆ ಬಂದರು. ಅವರಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. "ಆಯ್ತು ಬುಡಮ್ಮಿ, ನೀನೇ ಎತ್ತಿದೆ. ನಮ್ ಗದ್ದೆ ಇಲ್ಲೇ ಪಕ್ಕದಲ್ಲೇ ಅದೆ. ಕಾಲ್ವೆ ಮಡೆ ತೆಗ್ದು ಎರಡು ದಿನ ಅತ್ಲಾಗೆ ನೀರು ಬುಡು. ನಿಮ್ಮಣ್ಣ ಒಪ್ಕಂಡವ್ನೆ."

ಪುಷ್ಪ ತಾತನ ಕಡೆ ನೋಡಲಿಲ್ಲ. ಹ್ಯಾಂಡಲು ಚಕ್ರದಿಂದ ಬಿಡಿಸಿ, ಬೆನ್ನ ಹಿಂದೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲ ಸ್ವಾಮ್ಯಾರೆ. ಕೊನೆಗದ್ದೆ ಆಗ್ಲಿ."

"ದೊಡ್ಡೋರ್ಗೆ ಇಂಗೆ ಮಾತಾಡ್ತಾರಾ?" ಎಂದು ಜನರ ನಡುವಿನಿಂದ ಒಬ್ಬ ಕೂಗಿದ. ಅವನದು ಕೊನೆಗದ್ದೆಯೇ. ಪುಟ್ಟಸಿದ್ದಯ್ಯ ಅವನ ಮುಖವನ್ನು ಚೆನ್ನಾಗಿ ನೋಡಿಕೊಂಡ. ಆ ವರ್ಷ ನಕ್ಕವನ ಮಗ.

ಮಾದೇಶ ಆ ದಿನ ಮನೆಗೆ ಊಟಕ್ಕೆ ಬರಲಿಲ್ಲ. ಗುರುವಾರ ಬಂದು ಟಿವಿಯ ವೈರು ಬಿಚ್ಚಿದ. "ಇಷ್ಟು ವರ್ಸ ನಿನ್ ಮಾತಿಗೆ ಒಂದಿನ ಎದ್ರು ಏಳಿದ್ನಾ ತಾತ?" ಎಂದು ಕೇಳಿದ. ಮುದುಕ, "ಇಲ್ಲ ಕನ ಮಗ, ಏಳ್ಲಿಲ್ಲ," ಎಂದ. ಪುಷ್ಪ ಮುಂದಿನ ಗವಿಯನ್ನೂ ಬರೆಯಲು ಗೆರೆ ಹಾಕಿಟ್ಟಿದ್ದಳು. ಬಾಗಿಲ ಹತ್ತಿರ ಬಂದು, "ಮಿಷೀನ ಭಾನ್ವಾರಗಂಟ ಬುಟ್ಟೋಗಣ್ಣ," ಎಂದಳು. ಮಾದೇಶ ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತಲೇ ಇದ್ದ.

ಕೊನೆಗದ್ದೆಗೆ ನೀರು ಮುಟ್ಟುವಾಗ ಶುಕ್ರವಾರ ಬೆಳಗಾಗಿತ್ತು. ಆ ಶುಕ್ರವಾರವೇ ಮೊದಲನೆಯ ಬಸ್ಸಿಗೆ ಮಾದೇಶ ಮಿಷೀನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೊಳ್ಳೇಗಾಲಕ್ಕೆ ಹೊರಟುಹೋದ.