ಚೀಲದ ಮೇಲಿನ ಗುರುತು

ಅಂಗಿಯನ್ನು ನೀರಿಗೆ ಅದ್ದುವ ಮೊದಲು ಚಂದವ್ವ ರೂಢಿಯಂತೆ ಕಿಸೆ ತಡವಿದಳು. ತಮ್ಮ ದುಂಡೇಶನ ಕಾರ್ಡು ಕೈಗೆ ಬಂತು. ಮೂಲೆಯಲ್ಲಿ ಬಂಗಾರದ ಬಣ್ಣದ ಸಣ್ಣ ತಗಡು. ಎಂಟು ತಿಂಗಳ ಜಡ್ಡಿನಲ್ಲೂ ಅವನು ಅದನ್ನು ಬಿಟ್ಟಿರಲಿಲ್ಲ. ಈಗ ಉಸಿರು ನಿಂತು, ಮೈ ತೊಳೆಸಿಕೊಂಡು, ಹಣೆಗೆ ಹಳದಿ ಭಂಡಾರ ಹಚ್ಚಿಸಿಕೊಂಡು, ಪಡಸಾಲೆಯ ಗೋಡೆಗೆ ಆತು ಕೂತಿದ್ದ.

ಎಲೆ, ಅಡಿಕೆ, ತಂಬಾಕಿನ ಜೊತೆ ಕಾರ್ಡನ್ನೂ ದಸ್ತಿಯಲ್ಲಿ ಗಂಟು ಕಟ್ಟಿ ಅವಳು ಅವನ ಮಡಿಲಲ್ಲಿಟ್ಟಳು.

ಬಾಜೂಮನೆಯ ಭೀಮಶ್ಯಾ ನೋಡಿದ. “ಎಕ್ಕಾ, ತಂಬಾಕ ಇಡೋದು ಕಂಡೇನಿ, ಕಾರ್ಡ್ ಇಡೋದು ಇದ ಮೊದಲ. ಮ್ಯಾಲ ರೇಶನ್ ಅಂಗಡಿ ಐತೇನು?”

“ಸುಮ್ನಿರೋ. ಅವನ ಸಾಮಾನ ಅವನ ಕೂಡ ಹೋಗ್ಲಿ.”

*

ಹೋದ ವರ್ಷ ಇದೇ ಪಡಸಾಲೆಯಲ್ಲಿ ಅವಳು ಇಂಡಿ ಬಜಾರಿಗೆ ನಿಂಬೆ ಆರಿಸಿ ಚೀಲ ತುಂಬುತ್ತಿದ್ದಳು. ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ತಮ್ಮ ಮನೆಗೆ ಬಂದರೂ ಲ್ಯಾಪ್‌ಟಾಪ್ ಬಿಡುತ್ತಿರಲಿಲ್ಲ.

“ಪಗಾರಿಲ್ಲದ ಕೆಲಸ ಅದೇನೋ, ದುಂಡ್ಯಾ?”

ಅವನು ಕಿಸೆಯ ಕಾರ್ಡು ತೆಗೆದು ತೋರಿಸಿದ. “ಇಂಥಾ ಗುಟ್ಟಿನ ಕಾರ್ಡ್ ಕೂಡ ಕಂಪ್ಯೂಟರ್ ಮಾತಾಡಬೇಕಲ್ಲಕ್ಕಾ, ಅದಕ್ಕೊಂದು ಸಾಫ್ಟ್‌ವೇರ್ ಐತಿ. ಬರದವರು ಬ್ಯಾರೆ. ನಾ ಅದನ್ನ ತಪಾಸ ಮಾಡಿ, ಕೊಳತದ್ದು ತಗದು, ಪ್ಯಾಕ್ ಮಾಡಿ, ನನ್ನ ಗುರ್ತು ಹಾಕಿ ಕಳಸ್ತೇನಿ. ಗುರ್ತು ಈ ಕಾರ್ಡಿನಾಗ ಐತಿ. ಅದನ್ನ ನೋಡೇ ಮಂದಿ ತಮ್ಮ ಕಂಪ್ಯೂಟರಿಗೆ ಇಳಿಸ್ಕೋತಾರ.”

“ಅಂದ್ರ ನನ್ನಂಗ ಹಮಾಲಿ.”

“ನಿನ್ನಂಗ ನೋಡು. ಲಿಂಬಿ ಬೆಳದಾವ ಯಾರೋ, ಹುಳಕ ಬಂದ್ರ ಬೈಗಳ ನಿನಗ!”

*

ಹೊಲದ ಬದುವಿನ ಕುಣಿಯಲ್ಲಿ ದುಂಡೇಶನನ್ನು ಕೂಡ್ರಿಸಿಯಾಗಿತ್ತು. ಆಗ ಅವನ ಹೆಂಡತಿ ಸುನಂದಾ ಚಂದವ್ವನ ತೋಳು ಹಿಡಿದಳು.

“ಅಕ್ಕಾರ, ಕಾರ್ಡ್ ಎಲ್ಲೈತ್ರಿ?”

“ಅವನ ಗಂಟಿನಾಗ.”

“ಅಯ್ಯ! ಆ ಸಾಫ್ಟ್‌ವೇರ್ ಮಂದಿಗೆ ಇವರ ಪತ್ರ ಕಳಸೋದು ಉಳದೈತ್ರಿ. ‘ನನಗ ಆಗವಲ್ದು, ಈ ಕೆಲಸ ಯಾರರೆ ಹಿಡೀರಿ’ ಅಂತ ಬರದು ಎಂಟು ತಿಂಗಳಾತು. ನಾಳೆ ಆರಾಮ ಆಗ್ತೇನಿ, ನಾಳೆ ಆಗ್ತೇನಿ ಅನಕೋತ ಕಳಸಲೇ ಇಲ್ಲ. ಆ ಸಾಫ್ಟ್‌ವೇರಿನಾಗ ದೋಷ ಸಿಕ್ಕೈತಿ, ಅದನ್ನ ತಗದು ಕಳಸ್ಲಿ ಅಂತ ಮಂದಿ ಇವರ ದಾರಿ ಕಾಯಾಕತ್ತಾರ. ಕಾರ್ಡ್ ಇದ್ರ ಇವರ ಗುರ್ತು ಹಾಕಿ ಕಳಸ್ತೇನಿ. ಅದರ ಗುಟ್ಟಿನ ನಂಬರ್ ನನಗ ಗೊತ್ತೈತ್ರಿ.”

ಹಿಡಿಮಣ್ಣು ಎತ್ತಿದ್ದ ಭೀಮಶ್ಯಾನ ಕೈ ಹಾಗೇ ನಿಂತಿತು. “ಇಳದು ತಗೀಲೇನು, ಎಕ್ಕಾ?”

ಚಂದವ್ವ ಕುಣಿಯತ್ತ ನೋಡಿದಳು. ಗಂಡ ಮಾಳಿಂಗಪ್ಪ ಸತ್ತ ಮೇಲೆ ಅವನ ಹೆಸರಿನ ಅಚ್ಚನ್ನು ಅವಳು ಒಂದು ನಿಂಬೆ ಚೀಲಕ್ಕೂ ಒತ್ತಿರಲಿಲ್ಲ. ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತು, ‘ಚಂ’ ಎಂದು ತಾನೇ ಬರೆದಿದ್ದಳು. ಮೊದಲ ವಾರ ಬಜಾರಿನ ದಲ್ಲಾಳಿ ಹೊಸ ಗುರುತು ನಂಬದೆ ಪ್ರತಿಯೊಂದು ಚೀಲ ಬಿಚ್ಚಿ ನೋಡಿದ್ದ. ನೋಡಲಿ ಎಂದು ನಿಂತಿದ್ದಳು.

“ಬ್ಯಾಡ. ಸತ್ತವರ ಗುರ್ತು ನಾವು ಹಾಕಬಾರದು. ಅವ ಇಲ್ಲ ಅಂತ ನಮ್ಮ ಹೆಸರಿಲೆ ಹೇಳೂನು.”

“ನಂಬ್ತಾರೇನ್ರಿ?”

“ಬಿಚ್ಚಿ ನೋಡ್ತಾರ. ನೋಡ್ಲಿ. ಮಣ್ಣ ಹಾಕೋ, ಭೀಮಶ್ಯಾ.”

*

ಮನೆಗೆ ಬಂದು ಸ್ನಾನ ಮಾಡಿ, ದುಂಡೇಶ ಕೂತಿದ್ದ ಜಾಗದಲ್ಲಿ ಚಂದವ್ವ ದೀಪ ಹಚ್ಚಿ ಭಂಡಾರ ಹಾಕಿದಳು. ಸುನಂದಾ ಲ್ಯಾಪ್‌ಟಾಪ್ ತೆರೆದು ಗಂಡನ ಪತ್ರದ ಮೇಲೆ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದಳು. ಚಂದವ್ವನಿಗಾಗಿ ಅದನ್ನೇ ಕನ್ನಡದಲ್ಲೂ ಬರೆದಳು.

ಚಂದವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: “ಇದನ್ನು ಬರೆದ ದುಂಡೇಶ ಈಗ ಇಲ್ಲ. ಕಳಿಸುತ್ತಿರುವವರು ಹೆಂಡತಿ ಸುನಂದಾ, ಅಕ್ಕ ಚಂದವ್ವ.”

“ಎಲ್ಲಿ ಒತ್ತೂದವ್ವಾ?”

ಸುನಂದಾ ತೋರಿಸಿದ ಗುಂಡಿಯನ್ನು ಚಂದವ್ವ ಒತ್ತಿದಳು. ಪತ್ರ ಹೋಯಿತು. ಆ ಕರಿ ಗುಂಡಿಯ ಮೇಲೆ ಚಂದವ್ವನ ಬೆರಳಿನ ಭಂಡಾರ ಹಳದಿಯಾಗಿ ಉಳಿಯಿತು.