ಲೋಬಾನದ ಮೇಲೆ ಹೊರಿಸಿದ ಕೆಮ್ಮು

"ಸುಮ್ಮನೆ ಕೂತ್ಕೋ ಅವ್ವಾ. ನಿನ್ನ ಹೊಗೆಗೆ ಮಿಷಿನ್ನೂ ಸಾಯ್ತಿದೆ, ಜನಾನೂ ಸಾಯ್ತಿದಾರೆ."

"ನಲವತ್ತು ವರ್ಷದಿಂದ ಹಾಕ್ತಿದೀನಿ ಕಣೋ ಲೋಬಾನ. ಆಗ ಯಾರು ಕೆಮ್ಮಿದ್ರು?"

"ಆಗ ಕಿಟಕಿ ತೆಗೆದಿರ್ತಿತ್ತು. ಈಗ ಎ.ಸಿ. ಇದೆ. ಎಲ್ಲರೂ ನೋಡ್ರಿ ಇದನ್ನ."

ಚಾವಣಿಯಿಂದ ಆಗಷ್ಟೇ ಬಿಚ್ಚಿದ್ದ ಫಿಲ್ಟರನ್ನು ಎತ್ತಿ ಹಿಡಿದೆ. ಮಸಿ ಹಿಡಿದು ಕಪ್ಪಾಗಿತ್ತು. ಲೋಬಾನದ ವಾಸನೆ ಘಮ್ಮೆಂದು ಬರುತ್ತಿತ್ತು. ಮೂವತ್ತು ನಲವತ್ತು ಹೆಂಗಸರು ಮುಸುಕು ಸರಿಮಾಡಿಕೊಂಡು ನೋಡಿದರು. ಝುವೈನಾ ಅವ್ವ ಕೆಂಡದ ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ನಿಂತಿದ್ದಳು.

"ನಿಮ್ಮೆಲ್ಲರ ಎದೆ ಒಳಗೂ ಇದೇ ಕೂತಿರೋದು," ಎಂದೆ. "ಇನ್ನು ಮೇಲೆ ಈ ಮಡಕೆ ಒಳಗೆ ಬಂದ್ರೆ ನಾನು ಈ ಕಡೆ ತಲೆ ಹಾಕಲ್ಲ. ಕೆಮ್ಮಿಕೊಂಡೇ ಇರಿ."

ಅವ್ವ ಮಡಕೆಯನ್ನು ಹೊಸ್ತಿಲಾಚೆ ಇಟ್ಟು ಬಂದು ಮೂಲೆಯಲ್ಲಿ ಕುಳಿತಳು. ನಾನು ಏಣಿ ಮಡಚಿ ಹೊರಟೆ. ಗೆದ್ದೆ ಅಂದುಕೊಂಡಿದ್ದೆ.

ಒಮಾನಿನ ಬಹ್ಲಾ ಕಡೆಯ ನಮ್ಮೂರಿನಲ್ಲಿ ಗಂಡಸರಿಗೊಂದು ಸಬ್ಲಾ, ಹೆಂಗಸರಿಗೊಂದು. ಸಾವಿನ ಮೂರು ದಿನದ ಶೋಕ, ಮದುವೆಯ ಮಾತುಕತೆ, ಕುರಾನ್ ಪಾಠ ಎಲ್ಲ ನಡೆಯುವುದು ಆ ದೊಡ್ಡ ಕೋಣೆಯಲ್ಲೇ. ಹೆಂಗಸರ ಸಬ್ಲಾಕ್ಕೆ ಎ.ಸಿ. ಕೂರಿಸಿದವನು ನಾನು. ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕಸುಬು. ಝುವೈನಾ ನನ್ನನ್ನು ಹೆತ್ತವಳಲ್ಲ. ಹೆರಿಗೆಯಾದ ಮೇಲೆ ನನ್ನ ತಾಯಿ ಜ್ವರದಲ್ಲಿ ಬಿದ್ದಾಗ ನನಗೆ ಹಾಲು ಕೊಟ್ಟವಳು. ನಮ್ಮಲ್ಲಿ ಹಾಲು ಕೊಟ್ಟವಳೂ ಅವ್ವನೇ. ಗಂಡ ಸತ್ತ ಮೇಲೆ ಅವಳಿಗೆ ಊರಿನಲ್ಲಿ ಉಳಿದಿದ್ದು ಒಂದೇ ಕೆಲಸ. ಯಾರ ಮನೆಯಲ್ಲಿ ಸಾವಾದರೂ ಸಬ್ಲಾಕ್ಕೆ ಎಲ್ಲರಿಗಿಂತ ಮೊದಲು ಬಂದು, ಕೆಂಡ ಮಾಡಿ, ಬಂದವರೆಲ್ಲರ ಸೆರಗಿಗೆ ಹೊಗೆ ಹಿಡಿಯುವುದು. ಆ ಕೆಲಸವನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ.

ಅದನ್ನೇ ಕಿತ್ತುಕೊಂಡೆ.

ಮೂರು ವಾರ ಲೋಬಾನ ಹಚ್ಚಲಿಲ್ಲ. ಕೆಮ್ಮು ನಿಲ್ಲಲಿಲ್ಲ. ಕೇಳಿದವರಿಗೆಲ್ಲ, ಹೊಗೆ ಗೋಡೆಗೆ ಹಿಡಿದಿದೆ, ಬಿಡೋಕೆ ಇನ್ನೂ ಸ್ವಲ್ಪ ದಿನ ಬೇಕು ಎಂದೆ. ನನ್ನ ಹೆಂಡತಿ ಗಾಯಾ ಸಬ್ಲಾದ ಕುರಾನ್ ಪಾಠ ಮುಗಿಸಿ ಬಂದವಳೇ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು. ನನ್ನನ್ನು ಅವಳು ಕರೆಯುವುದು ನಮ್ಮ ಮಗನ ಹೆಸರು ಹಿಡಿದೇ.

"ಮುಂದಿರನ ಅಪ್ಪಾ, ಅವ್ವನ್ನ ಮೂಲೆಗೆ ಕೂರಿಸಿದ್ದಾಯ್ತು. ಈ ತಲೆನೋವನ್ನ ಯಾವ ಮೂಲೆಗೆ ಕೂರಿಸ್ತೀರಾ?"

"ಕಡಿಮೆ ಮಾತಾಡಿದ್ರೆ ಅದೂ ಹೋಗುತ್ತೆ."

"ನಾವು ಮಾತಾಡಲ್ಲ, ತೂಕಡಿಸ್ತೀವಿ. ರಯ್ಯಾ ಟೀಚರು ಓದ್ತಾ ಓದ್ತಾ ಅವರೇ ಆಕಳಿಸ್ತಾರೆ. ಶೈತಾನ ಬಂದು ಕೂತಿದಾನೆ ಅಂತಾರೆ."

ನನಗೆ ರೇಗಿತು. ಗಾಡಿಯಲ್ಲಿ ಗಾಳಿ ಅಳೆಯುವ ಒಂದು ಸಣ್ಣ ಯಂತ್ರ ಬಿದ್ದಿತ್ತು. ಮಸ್ಕತ್ತಿನಲ್ಲಿ ಕಸುಬುದಾರರಿಗೆಂದು ಮಾಡಿದ್ದ ತರಬೇತಿಯಲ್ಲಿ ಕೊಟ್ಟಿದ್ದು, ಡಬ್ಬಿಯನ್ನೇ ತೆಗೆದಿರಲಿಲ್ಲ. ಜನ ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ನಿಂತಿದೆ ಎಂದು ಅದು ಹೇಳುತ್ತದೆ. ಬಯಲಿನಲ್ಲಿ ನಾನೂರರ ಸುತ್ತ ಇರುತ್ತದೆ. ಕೋಣೆಯಲ್ಲಿ ಸಾವಿರ ದಾಟಿದರೆ ಹೊರಗಿನ ಗಾಳಿ ಸಾಲದು ಎಂದರ್ಥ. ತಪ್ಪು ಯಾರದೆಂದು ಹೇಳುವ ಮೊದಲು ಅಳೆಯಿರಿ ಎಂದು ಆ ತರಬೇತಿಯಲ್ಲಿ ನಾಲ್ಕು ಸಲ ಹೇಳಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆ.

"ಇದನ್ನ ತಗೊಂಡು ಹೋಗಿ ಸಬ್ಲಾದ ಗೋಡೆ ಗೂಡಲ್ಲಿಡು. ಪಾಠ ಮುಗಿಯೋ ಹೊತ್ತಿಗೆ ಎಷ್ಟು ತೋರಿಸುತ್ತೋ ಬಂದು ಹೇಳು. ನಿನ್ನ ಶೈತಾನನ ನಂಬರು ನೋಡೋಣ."

ಅವಳು ಮರುದಿನ ಮಧ್ಯಾಹ್ನ ಬಂದು ಮೂರು ಸಾವಿರದ ಏಳುನೂರು ಎಂದಳು.

ಯಂತ್ರವನ್ನು ಅವಳ ಕೈಯಿಂದ ತೆಗೆದುಕೊಂಡು ಡಬ್ಬಿಗೆ ಹಾಕಿದೆ.

"ಅಂದ್ರೆ ಏನು? ಒಳ್ಳೆಯದಾ ಕೆಟ್ಟದ್ದಾ?"

"ಸರಿಯಾಗೇ ಇದೆ," ಎಂದೆ.

ಹೆಂಡತಿಗೆ ಸುಳ್ಳು ಹೇಳಿ ಅನ್ನದ ಮುಂದೆ ಕೂತೆ. ಮೀನಿನ ಮುಳ್ಳು ಯಾವುದು, ಮಾಂಸ ಯಾವುದು ಎಂದು ತಿಳಿಯಲಿಲ್ಲ.

ಆ ಅಂಕಿ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ನಲವತ್ತು ಜನರ ಲೆಕ್ಕಕ್ಕೆ ಮಿಷಿನ್ನು ಆರಿಸಿದ್ದೆ. ಸಾವಿಗೆ ನೂರಿಪ್ಪತ್ತು ಜನ ಸೇರುತ್ತಾರೆ. ಮೇ ತಿಂಗಳಲ್ಲಿ ಹೊರಗೆ ನಲವತ್ತೇಳು ಡಿಗ್ರಿ ಬಿಸಿಲಿರುವಾಗ ಕೋಣೆ ತಣ್ಣಗಾಗಲಿಲ್ಲ. ಹೆಂಗಸರು ದೂರಿದರು. ಚಿಕ್ಕ ಮಿಷಿನ್ನು ಹಾಕಿದೆ ಎಂದು ಒಪ್ಪಿಕೊಳ್ಳುವ ಬದಲು ಚಾವಣಿ ಹತ್ತಿ, ಹೊರಗಿನ ಗಾಳಿ ಒಳಗೆ ಬರುವ ಕೊಳವೆಯ ಬಾಗಿಲನ್ನು ಮುಚ್ಚಿದೆ. ಬಿಸಿಗಾಳಿ ನಿಂತಿತು, ಕೋಣೆ ತಂಪಾಯಿತು, ನನ್ನ ಹೆಸರೂ ಉಳಿಯಿತು. ಧೂಳು ಬರಬಾರದೆಂದು ಕಿಟಕಿಗಳನ್ನು ಮೊದಲೇ ಅಂಟು ಹಾಕಿ ಬಿಗಿದಿದ್ದೆ. ಅಲ್ಲಿಂದ ಮುಂದೆ ಅವರು ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ ಕುಳಿತರು. ಬಾಗಿಲು ಮುಚ್ಚಿದ್ದು ಮರೆತುಹೋಗಿತ್ತು ಎಂದು ಬರೆಯಬಹುದು. ಮರೆತಿರಲಿಲ್ಲ. ಫಿಲ್ಟರ್ ಎತ್ತಿ ತೋರಿಸುವಾಗಲೂ ನೆನಪಿತ್ತು. ಹೊಗೆಯಿಂದಲೇ ಇರಬಹುದು ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ, ಅಷ್ಟೇ.

ಶುಕ್ರವಾರ ಬೆಳಿಗ್ಗೆ ರಯ್ಯಾ ಟೀಚರಿಂದ ಬೀಗದ ಕೈ ಇಸಿದುಕೊಂಡು ಒಬ್ಬನೇ ಹೋದೆ. ಆ ಸಣ್ಣ ಬಾಗಿಲಿಗೆ ನಾನೇ ಸುತ್ತಿದ್ದ ತಂತಿ ಹಾಗೇ ಇತ್ತು. ಮಿಷಿನ್ನಿನ ಕೆಳಗೆ, ನೀರು ಇಳಿದು ಹೋಗಬೇಕಾದ ತಟ್ಟೆ ತಪ್ಪು ಬದಿಗೆ ವಾಲಿತ್ತು. ಎರಡು ಬೆರಳು ನೀರು ನಿಂತು, ಮೇಲೆ ಕಪ್ಪು ಲೋಳೆ ಕಟ್ಟಿತ್ತು. ಮೂಗು ಹತ್ತಿರ ಒಯ್ದೆ. ಹಳೇ ಗೋಣಿಚೀಲದ ವಾಸನೆ. ಅದರ ಮೇಲೆ ಹಾದ ಗಾಳಿಯೇ ಹೆಂಗಸರ ಮುಖಕ್ಕೆ ಬೀಸುತ್ತಿತ್ತು. ಒಂದು ನಿಮಿಷದೊಳಗೆ ನನಗೂ ಕೆಮ್ಮು ಬಂತು.

ತಟ್ಟೆ ತೊಳೆದೆ. ಸರಿಯಾದ ಬದಿಗೆ ವಾಲುವಂತೆ ಎತ್ತಿ ಕೂರಿಸಿದೆ. ತಂತಿ ಕತ್ತರಿಸಿ ಹೊರಗಾಳಿಯ ಬಾಗಿಲು ತೆಗೆದೆ. ಮರುವಾರ ನನ್ನ ಅಂಗಡಿಯಿಂದಲೇ ಇನ್ನೊಂದು ಮಿಷಿನ್ನು ತಂದು ಪಕ್ಕದಲ್ಲಿ ಹಾಕಿದೆ. ಯಾಕೆ ಎಂದು ಕೇಳಿದವರಿಗೆ, ಸೇವೆ ಎಂದೆ. ಹಾರಿಬನಿಗೆ ದೇವರು ಒಳ್ಳೆಯದು ಮಾಡಲಿ ಎಂದು ನನ್ನ ಹೆಸರು ಹಿಡಿದು ಹರಸಿದರು. ನಾನು ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು.

ಹತ್ತು ದಿನದಲ್ಲಿ ಕೆಮ್ಮು ಹೋಯಿತು. ಗಾಯಾ ಹಣೆಗೆ ಬಟ್ಟೆ ಕಟ್ಟುವುದು ನಿಂತಿತು. ಆಮೇಲೆ ಊರೆಲ್ಲ ಒಂದೇ ಮಾತು: ಹಾರಿಬ್ ಒರಟ, ಆದರೆ ನಿಜ ಹೇಳಿದ. ಕೆಮ್ಮಿಗೆ ಕಾರಣ ಆ ಹೊಗೆಯೇ.

ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಗುಟ್ಟಾಗಿ ಸರಿಮಾಡಿದರೆ ಎಲ್ಲ ಮುಚ್ಚಿಹೋಗುತ್ತದೆ ಅಂದುಕೊಂಡಿದ್ದೆ. ನಾನು ಸರಿಮಾಡಿದ್ದೇ ಅವಳ ಮೇಲಿನ ಆರೋಪಕ್ಕೆ ಸಾಕ್ಷಿಯಾಯಿತು.

ಆಗಸ್ಟಿನಲ್ಲಿ ಪಕ್ಕದ ಬೀದಿಯಲ್ಲಿ ಒಂದು ಸಾವಾಯಿತು. ಮೂರನೇ ದಿನ ಬೆಳಿಗ್ಗೆ ಕಾಫಿಯ ದೊಡ್ಡ ಫ್ಲಾಸ್ಕುಗಳನ್ನು ತಲುಪಿಸಲು ಹೆಂಗಸರ ಸಬ್ಲಾಕ್ಕೆ ಹೋಗಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವ್ವನ ದನಿ.

"ಎಲ್ಲರೂ ನನ್ನನ್ನ ಕ್ಷಮಿಸಿಬಿಡಿ. ನನಗೆ ಗೊತ್ತಿರಲಿಲ್ಲ."

"ಬಿಡಿ ಅಜ್ಜಿ, ಬೇಕು ಅಂತ ಮಾಡಿದ್ರಾ," ಎಂದರು ರಯ್ಯಾ ಟೀಚರು.

"ನಸ್ರಾ ಇದೇ ಮೂಲೇಲಿ ಕೂತು ಕೆಮ್ಮೋಳು. ಹಿತ ಆಗುತ್ತೆ ಅಂತ ನಾನು ಮಡಕೆ ಇನ್ನೂ ಹತ್ತಿರ ಒಯ್ತಿದ್ದೆ. ಈಗ ಅವಳಿಲ್ಲ. ಅವಳ ಹತ್ರ ಯಾರು ಹೋಗಿ ಕೇಳ್ತಾರೆ?"

ನಸ್ರಾ ಅವಳ ಗೆಳತಿ. ತೀರಿಕೊಂಡಿದ್ದು ಎರಡು ವರ್ಷದ ಕೆಳಗೆ, ಎದೆಯ ಹಳೇ ಕಾಯಿಲೆಯಿಂದ. ಆಗ ಎ.ಸಿ.ಯೂ ಇರಲಿಲ್ಲ, ಕಿಟಕಿಗಳೆಲ್ಲ ತೆಗೆದೇ ಇರುತ್ತಿದ್ದವು.

ಫ್ಲಾಸ್ಕು ಕೆಳಗಿಟ್ಟು, ಬಂದದ್ದು ತಿಳಿಯಲೆಂದು ಕೆಮ್ಮಿದೆ. ಒಳಗೆ ಮುಸುಕು ಸರಿಮಾಡಿಕೊಳ್ಳುವ ಸದ್ದು. ಹೊಸ್ತಿಲ ಮೇಲೆ ನಿಂತು ಹೇಳಿದೆ.

"ಲೋಬಾನದಿಂದ ಅಲ್ಲ. ಹೊರಗಿನ ಗಾಳಿ ಬರೋ ದಾರಿ ನಾನು ಮುಚ್ಚಿದ್ದೆ. ನೀರಿನ ತಟ್ಟೆ ಓರೆ ಕೂರಿಸಿದ್ದೆ. ಅದು ಕೊಳೆತು ನಿಮಗೆ ಕೆಮ್ಮು ಬಂತು. ತಪ್ಪು ನನ್ನದು. ಅವ್ವನದ್ದಲ್ಲ."

ಯಾರೋ ಕಿಸಕ್ಕನೆ ನಕ್ಕರು.

"ಹಾರಿಬನ ಬಾಯಲ್ಲಿ ತಪ್ಪು ನನ್ನದು ಅಂತ ಬಂತು. ಕೇಳಿದ್ರೇನ್ರೇ?"

"ತಾಯಿಗೋಸ್ಕರ ಕಣೇ. ಎಷ್ಟಾದ್ರೂ ಹಾಲಿನ ಋಣ."

"ನಿಜ ಹೇಳ್ತಿದೀನಿ ಟೀಚರೇ," ಎಂದೆ. ನನ್ನ ದನಿ ಏರಿತು. "ಬನ್ನಿ, ಏಣಿ ಹಾಕ್ತೀನಿ, ಹತ್ತಿ ನೋಡಿ."

ಎಲ್ಲಿ ನೋಡುವುದು? ತಟ್ಟೆಯನ್ನು ಫಳಫಳ ತೊಳೆದಿಟ್ಟವನು ನಾನೇ.

ರಯ್ಯಾ ಟೀಚರು ಮೆಲ್ಲಗೆ ಹೇಳಿದರು. "ನಿಮ್ಮ ಮನಸ್ಸು ಒಳ್ಳೆಯದು ಹಾರಿಬ್. ದೇವರು ನೋಡ್ತಾನೆ. ಆದರೆ ಫಿಲ್ಟರನ್ನ ನಾವೆಲ್ಲ ಕಣ್ಣಾರೆ ನೋಡಿದೀವಲ್ಲ."

ಒಳಗೆ ಕೂತಿದ್ದ ಗಾಯಾಳ ಕಡೆ ನೋಡಿದೆ. ಅವಳೊಬ್ಬಳು ನಗುತ್ತಿರಲಿಲ್ಲ. ಸರಿಯಾಗೇ ಇದೆ ಎಂದು ನಾನು ಹೇಳಿದ್ದ ಆ ಅಂಕಿಯನ್ನು ನೆನಪಿಸಿಕೊಳ್ಳುತ್ತಿರುವವಳಂತೆ ನನ್ನನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ಮುಖ ತಿರುಗಿಸಿಕೊಂಡಳು.

ಝುವೈನಾ ಅವ್ವ ಗೋಡೆ ಹಿಡಿದು ಎದ್ದಳು. ಬಾಗಿಲಿಗೆ ಬಂದು ನನ್ನ ಗಲ್ಲ ಮುಟ್ಟಿದಳು. ಬೆರಳು ಒಣಗಿ ಕಡ್ಡಿಯಂತಿದ್ದವು.

"ನನಗೋಸ್ಕರ ಸುಳ್ಳು ಹೇಳಬೇಡ ಮಗನೇ. ನಿನ್ನ ತಲೆ ಮೇಲೆ ಪಾಪ ಬೇಡ. ಅವತ್ತು ನೀನು ಬೈದಿದ್ದೇ ಸರಿ."

"ಸುಳ್ಳಲ್ಲ ಅವ್ವಾ. ಅವತ್ತು ಹೇಳಿದ್ದು ಸುಳ್ಳು."

"ಆಯ್ತು ಬಿಡು," ಎಂದಳು, ಹಟ ಹಿಡಿದ ಮಗುವಿಗೆ ಹೇಳುವ ಹಾಗೆ.

ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಗಾಡಿಯಲ್ಲಿ ಬಿಡುತ್ತೇನೆ ಎಂದು ಹಿಂದೆ ಓಡಿದೆ. ಬೇಡವೆಂದು ಕೈಯಾಡಿಸಿ, ಖರ್ಜೂರದ ತೋಟದ ಗೋಡೆಯ ಪಕ್ಕ ಹಿಡಿದು ನಡೆದಳು. ಆ ಮೇಲೆ ಊರಲ್ಲಿ ನಾಲ್ಕು ಸಾವಾದವು. ಒಂದೊಂದು ಸಲವೂ ನಾನೇ ಅವಳ ಮನೆಗೆ ಹೋಗಿ ಕರೆದೆ. ಪ್ರತಿ ಸಲವೂ ಕಾಫಿ ಕೊಟ್ಟು, ಕ್ಷೇಮ ಕೇಳಿ ಕಳಿಸಿದಳು. ಸಬ್ಲಾಕ್ಕೆ ಬರಲಿಲ್ಲ.