ಕುರ್ಚಿ ಬಿಟ್ಟು ಕತ್ತರಿ ಹಿಡಿದವನು

ಭಾನುವಾರ ಬೆಳಿಗ್ಗೆ ಗಂಡ ಹೊಸಿಲು ದಾಟಿ ಒಳಗೆ ಬಂದ ಕೂಡಲೇ ಅಕ್ಕನ ಕಣ್ಣು ಆತನ ಕಿವಿಯ ಹಿಂದಕ್ಕೆ ಹೋಯಿತು. ಕೂದಲನ್ನು ಚೊಕ್ಕವಾಗಿ ಕತ್ತರಿಸಲಾಗಿತ್ತು. ಕುತ್ತಿಗೆಯ ಮೇಲೆ ಪೌಡರಿನ ಬಿಳಿ ಇನ್ನೂ ಅಳಿಸಿರಲಿಲ್ಲ.

"ಎಲ್ಲಿ ಮಾಡಿಸ್ಕೊಂಡು ಬಂದ್ರಿ?"

"ಇಲ್ಲೇ... ಸ್ಟೇಷನ್ ಹತ್ರ."

"ಸ್ಟೇಷನ್ ಹತ್ರದವನು ಕುರಿ ಉಣ್ಣೆ ತೆಗೆದ ಹಾಗೆ ತೆಗೀತಾನೆ ಅಂತ ಮದುವೆಯಾದಾಗಿನಿಂದ ಗೊಣಗ್ತಿದೀರಿ. ರಾತ್ರೋರಾತ್ರಿ ಅವನ ಕೈ ಪಳಗಿಬಿಡ್ತಾ?"

ಗಂಡ ಪೇಪರನ್ನು ಗುರಾಣಿಯಂತೆ ಎತ್ತಿ ಹಿಡಿದ. ಅಕ್ಕ ಅದನ್ನು ಒಂದೇ ಬೆರಳಿನಿಂದ ಕೆಳಗೆ ಒತ್ತಿದಳು.

"ನನ್ನ ತಮ್ಮನ ಅಂಗಡಿಗೇ ಹೋಗಿದ್ರಿ. ಹೆಂಡತಿ ತಮ್ಮನ ಮುಂದೆ ತಲೆ ತಗ್ಗಿಸ್ಕೊಂಡು ಕೂತು ಬಂದ್ರಲ್ಲ, ನಾಚಿಕೆ ಆಗ್ಲಿಲ್ವಾ?"

"ತಗ್ಗಿಸದೆ ಇದ್ರೆ ಹಿಂದ್ಗಡೆ ಕತ್ತರಿಸೋದು ಹೇಗೆ ಕಣೇ?"

ಅಕ್ಕ ನಗಲಿಲ್ಲ. ಗಂಡ ಪೇಪರು ಮಡಚಿಟ್ಟು ಮೆಲ್ಲಗೆ ಹೇಳಿದ: "ಸಾಯಂಕಾಲ ಎಷ್ಟು ಜನ ಬರ್ತಿದಾರೆ ಅಂತ ಕೇಳ್ದ. ನಾನೂ ಬರ್ಲಾ ಅಂತ ಮಾತ್ರ ಕೇಳ್ಲಿಲ್ಲ."

"ಕೇಳಬಾರದು ಅಂತಾನೇ ನಿನ್ನೆ ಫೋನ್ ಮಾಡಿ ಹೇಳಿದೀನಿ," ಎಂದು ಅಕ್ಕ ಅಡುಗೆಮನೆಗೆ ನಡೆದಳು.

ಅವಳು ಒಡಹುಟ್ಟಿದವರಲ್ಲಿ ಹಿರಿಯಳು. ಮನೆಯವರಿಗಷ್ಟೇ ಅಲ್ಲ, ಅಕ್ಕಪಕ್ಕದವರಿಗೂ, ಅವಳು ಮೇಲ್ವಿಚಾರಕಿಯಾಗಿದ್ದ ಕಚೇರಿಯ ಅರ್ಧ ಜನಕ್ಕೂ ಅಕ್ಕನೇ. ಒಬ್ಬ ಮನುಷ್ಯ ಎದುರಿಗೆ ಬಂದು ನಿಂತರೆ ಸಾಕು, ಅವನ ಚಪ್ಪಲಿ, ಅವನ ಬ್ಯಾಗು, ಅವನು ಕುರ್ಚಿಯ ಯಾವ ಭಾಗದಲ್ಲಿ ಕೂರುತ್ತಾನೆ ಎಂಬುದನ್ನು ನೋಡಿಯೇ ಅವನಿಗೆ ಎಷ್ಟು ಮರ್ಯಾದೆ ಕೊಡಬೇಕೆಂದು ತೂಗಿಬಿಡುತ್ತಿದ್ದಳು. ಆ ತಕ್ಕಡಿಯಲ್ಲಿ ತಮ್ಮ ಬಹಳ ವರ್ಷ ಎಲ್ಲರಿಗಿಂತ ಭಾರವಾಗಿ ತೂಗಿದ್ದ. ನದಿಯಾಚೆಯ ಪಂಪ್ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥ. ಗಾಜಿನ ಕೋಣೆ, ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಹೆಸರು, ಕಂಪನಿಯ ಕಾರು. ಆ ಕಾರು ತನ್ನ ಮನೆಯ ಮುಂದೆ ನಿಂತ ದಿನ ಅಕ್ಕ ಬೇಕೆಂದೇ ಎರಡೆರಡು ಸಲ ಬೀದಿಗೆ ಬಂದು ಹೋಗುತ್ತಿದ್ದಳು.

ಅಂಥವನು ನಲವತ್ತು ದಾಟಿದ ಮೇಲೆ, ತಲೆಯಲ್ಲಿ ನರೆ ಇಣುಕುವ ವಯಸ್ಸಿನಲ್ಲಿ, ಕೆಲಸ ಬಿಟ್ಟ. ಇನ್ನೂ ದೊಡ್ಡ ಕಂಪನಿಯವರು ಹಾರಿಸಿಕೊಂಡು ಹೋಗಿರಬೇಕೆಂದು ಅಕ್ಕ ಊರೆಲ್ಲ ಹೇಳಿದಳು. ನಿಜ ತಿಳಿದಾಗ ಅವಳಿಗೆ ಆಕಾಶವೇ ಕಳಚಿ ಬಿತ್ತು. ತಮ್ಮ ತನಗಿಂತ ತೀರ ಚಿಕ್ಕವನೊಬ್ಬನ ಬಳಿ ಶಿಷ್ಯನಾಗಿ ಸೇರಿ ಕ್ಷೌರ ಕಲಿಯುತ್ತಿದ್ದ. ನೋಡಿಬರಲು ಹೋದರೆ, ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕತ್ತಿಯಿಂದ ನೊರೆ ತೆಗೆಯುತ್ತ ಕೂತಿದ್ದ.

"ಕೆಲಸ ಇಲ್ಲದವನು ಬೆಕ್ಕಿನ ತಲೆ ಬೋಳಿಸಿದ ಅಂತ ಗಾದೆ ಕೇಳಿದ್ದೆ. ನೀನು ಇದ್ದ ಕೆಲಸ ಬಿಟ್ಟು ಬಲೂನು ಬೋಳಿಸ್ತಿದೀಯಲ್ಲೋ!" ಎಂದಿದ್ದಳು ಅಕ್ಕ. "ಆನೆ ಮೇಲೆ ಕೂತಿದ್ದವನು ಇಳಿದು ಲದ್ದಿ ಬಾಚೋಕೆ ಹೋದ ಹಾಗಾಯ್ತು."

"ಆ ಕೆಲಸ ಸಾಕಾಯ್ತಕ್ಕಾ."

"ಸಾಕಾದ್ರೆ ರಜಾ ಹಾಕ್ತಾರೆ. ಕತ್ತರಿ ಹಿಡಿಯಲ್ಲ."

ಅವನು ಇನ್ನೇನೋ ಹೇಳಲು ಬಾಯಿ ತೆರೆದಿದ್ದ. ಅಕ್ಕ ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು. ಅಂದಿನಿಂದ ಯಾರಾದರೂ ತಮ್ಮನ ಬಗ್ಗೆ ಕೇಳಿದರೆ "ಸ್ವಂತ ಉದ್ಯಮ" ಎನ್ನುವಳು. ಗಂಡನಿಗೂ ಮಗಳಿಗೂ ಅದೇ ಪಾಠ ಬಾಯಿಪಾಠ ಮಾಡಿಸಿದ್ದಳು. ಎಂಥ ಉದ್ಯಮ ಎಂದು ಯಾರಾದರೂ ಕೆದಕಿದರೆ ಮಾತನ್ನು ಹವಾಮಾನದ ಕಡೆಗೆ ತಿರುಗಿಸುವಳು.

ಈಗ ಮಗಳ ಮದುವೆಯ ಮಾತು. ಮಗಳು ಪಶುವೈದ್ಯೆ. ತಾನು ಕೆಲಸ ಮಾಡುವ ಪ್ರಾಣಿಗಳ ಆಸ್ಪತ್ರೆಯಲ್ಲೇ ಇರುವ ಹುಡುಗನನ್ನು ತಾನೇ ಆರಿಸಿಕೊಂಡಿದ್ದಳು. ಅವನ ಅಪ್ಪ ಅಮ್ಮ ಅಂದು ಸಾಯಂಕಾಲ ಮೊದಲ ಸಲ ಮನೆಗೆ ಬರುವವರಿದ್ದರು.

ಬಂದರು. ಹುಡುಗನ ಅಪ್ಪ ಮುದ್ರಣಾಲಯದಿಂದ ನಿವೃತ್ತರಾದವರು, ಮಾತು ಕಡಿಮೆ. ಅಮ್ಮ ಗಟ್ಟಿ ಧ್ವನಿಯ ಹೆಂಗಸು. ಚಪ್ಪಟೆ ಅಡಿಯ ಬೂಟು ಹಾಕಿಕೊಂಡು ಬಂದಿದ್ದಳು. ಬಲಗೈ ಎಡಗೈಗಿಂತ ಕಪ್ಪಗಿತ್ತು. ಕುರ್ಚಿಯ ತುಂಬ ಕೂತಳು. ಅಕ್ಕನ ತಕ್ಕಡಿ ಅಲುಗಾಡತೊಡಗಿತು.

"ನೀವು ಏನ್ ಮಾಡ್ತಿದೀರಿ?"

"ಶಾಲೆ ವ್ಯಾನ್ ಓಡಿಸ್ತೀನಿ."

"ಓ! ಅಂದ್ರೆ ವ್ಯಾನುಗಳು ನಿಮ್ಮವು."

"ಅಯ್ಯೋ, ಎಲ್ಲಿ ಬಂತು! ಡ್ರೈವರು ನಾನು. ಕಿಟಕಿ ಕಡೆ ಬಿಸಿಲಿಗೆ ನೋಡಿ, ಈ ಕೈ ಸುಟ್ಟ ಬದನೆಕಾಯಿ ಆಗಿದೆ." ಆಕೆ ತೋಳು ಚಾಚಿ ತೋರಿಸಿ ನಕ್ಕಳು. ಮಗಳೂ ನಕ್ಕಳು. ಅಕ್ಕನ ತುಟಿ ಮಾತ್ರ ಹೊಲಿದ ಹಾಗೆ ಬಿಗಿಯಾಯಿತು. ಡ್ರೈವರ್ ಹೆಂಗಸಿನ ಮನೆ! ಇಷ್ಟು ಓದಿಸಿ ಬೆಳೆಸಿದ್ದು ಇದಕ್ಕಾ? ಇರಲಿ, ಇವರಿಗೆ ಮೊದಲೇ ತಮ್ಮ ಜಾಗ ಗೊತ್ತಾಗುವುದು ಒಳ್ಳೆಯದು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

"ನಮ್ಮ ಕಡೆ ಎಲ್ಲ ಆಫೀಸರುಗಳೇ. ನಾನು ಕಚೇರಿಯಲ್ಲಿ ಮೇಲ್ವಿಚಾರಕಿ. ಇವರು ವಿಮಾ ಇಲಾಖೆ. ನನ್ನ ತಮ್ಮ ಅಂತೂ ಪಂಪ್ ಕಾರ್ಖಾನೆಯಲ್ಲಿ ಸಿಬ್ಬಂದಿ ಮುಖ್ಯಸ್ಥ. ಸಾವಿರಾರು ಜನ ಅವನ ಬೆರಳ ತುದಿಯಲ್ಲಿ..." 'ಇದ್ದರು' ಎಂಬುದನ್ನು ಟೀಯ ಜೊತೆ ನುಂಗಿಕೊಂಡಳು.

ಹುಡುಗನ ತಾಯಿ ಲೋಟ ಕೆಳಗಿಟ್ಟಳು. "ನದಿ ಆಚೆ ಇರೋ ಪಂಪ್ ಕಾರ್ಖಾನೆನಾ?"

"ಅದೇ."

"ಗುಂಗುರು ಕೂದಲು, ಎಡಗೈಲಿ ಬರೀತಾರೆ?"

"ನಿಮಗೆ ಗೊತ್ತಾ ಅವನು!" ಅಕ್ಕನ ಮುಖ ಅರಳಿತು.

"ಗೊತ್ತಿಲ್ದೆ ಏನು? ಅಲ್ಲಿ ಬಿಲ್ಲಿನ ವಿಭಾಗದಲ್ಲಿದ್ದೆ ನಾನು. ಮದುವೆಗೆ ಮುಂಚಿನಿಂದ. ಒಂದಿನ ಗಾಜಿನ ಕೋಣೆಗೆ ಕರೆಸಿದ್ರು. ಮೇಜಿನ ಮೇಲೆ ಒಂದು ಲೋಟ ನೀರು, ಪಕ್ಕದಲ್ಲಿ ಒರೆಸ್ಕೊಳ್ಳೋ ಕಾಗದದ ಡಬ್ಬಿ. ಅಳು ಬರೋಕೆ ಮುಂಚೇನೇ ಏರ್ಪಾಟು! 'ಇದು ನಿಮ್ಮ ತಪ್ಪಲ್ಲ, ಸಂಸ್ಥೆಯ ನಿರ್ಧಾರ' ಅಂದ್ರು. ಅದೂ ನನ್ನ ಪಕ್ಕದ ಸೀಟಿನವಳ ಹೆಸರು ಹಿಡಿದು. ಅಲ್ಲ ಸಾರ್, ಅವಳಲ್ಲ ನಾನು, ನಾನು ಬೇರೆ ಅಂತ ನಾನೇ ತಿದ್ದಬೇಕಾಯ್ತು. ಕೂತ ಕುರ್ಚಿ ಬೆಚ್ಚಗಾಗೋದ್ರೊಳಗೆ ಅಷ್ಟು ವರ್ಷದ ಕೆಲಸ ಮುಗಿದುಹೋಯ್ತು."

ಆಕೆಯ ಗಂಡ "ಬಿಡು, ಈಗ್ಯಾಕೆ" ಎಂದ.

"ಬಿಟ್ಟಿದೀನಿ. ಐವತ್ತರ ಹತ್ತಿರ ಬಂದು ಸ್ಟೀರಿಂಗ್ ಹಿಡಿಯೋದು ಕಲಿತೆ. ಮೊದಲ ವಾರ ಗೇರ್ ಹಾಕೋಕೆ ಹೋಗಿ ಮಕ್ಕಳೆಲ್ಲ ಮುಗ್ಗರಿಸಿದ್ರು. ಈಗ ಆ ಮಕ್ಕಳೇ ನನ್ನ ಮಂದೆ. ನಂಗೇನೂ ಕೊರತೆ ಇಲ್ಲ." ಆಕೆ ಅಕ್ಕನ ಕಡೆ ತಿರುಗಿದಳು. ಹಾಲಿಗೆ ಬಿದ್ದ ನೊಣವನ್ನು ತೆಗೆದು ಎಸೆಯುವಾಗಿನ ಧ್ವನಿಯಲ್ಲಿ ಕೇಳಿದಳು: "ನಿಮ್ಮ ತಮ್ಮ ಈಗ ಯಾವ ಕಂಪನಿಯಲ್ಲಿ ಜನರನ್ನ ಮನೆಗೆ ಕಳಿಸ್ತಿದಾರೆ?"

ಅಕ್ಕನ ಕಿವಿ ಬಿಸಿಯಾಯಿತು. ತಮ್ಮನನ್ನು ಹೀಗಳೆಯುವುದು ತನ್ನೊಬ್ಬಳ ಹಕ್ಕೆಂದು ಅವಳು ತಿಳಿದಿದ್ದಳು. ಬೇರೊಬ್ಬರು, ಅದೂ ತನ್ನದೇ ಕುರ್ಚಿಯಲ್ಲಿ ಕೂತು ಹಾಗೆ ಮಾಡಿದ್ದು ಸಹಿಸಲಾಗಲಿಲ್ಲ. ಕ್ಷೌರದಂಗಡಿಯ ಸುದ್ದಿ ಸಂಬಂಧ ಮುರಿದೀತೆಂದು ಅವಳು ಹೆದರಿದ್ದಳು. ಮುರಿಯಲು ಹೊರಟಿದ್ದು ಅವಳು ಒಡವೆಯಂತೆ ತೋರಿಸಿದ ಗಾಜಿನ ಕೋಣೆ.

"ಯಾವ ಕಂಪನಿಯಲ್ಲೂ ಇಲ್ಲ. ಬಿಟ್ಟುಬಿಟ್ಟ."

"ಅವರನ್ನೂ ಕಳಿಸಿದ್ರಾ?"

"ಇಲ್ಲ, ತಾನೇ ಬಿಟ್ಟ."

"ಯಾಕೆ?"

ಅಕ್ಕ ಗಂಡನ ಕಡೆ ನೋಡಿದಳು. ಗಂಡ ನೆಲ ನೋಡುತ್ತಿದ್ದ.

"ಗೊತ್ತಿಲ್ಲ," ಎಂದಳು. "ನಾನು ಕೇಳ್ಲಿಲ್ಲ." ಆಮೇಲೆ, ಕೆಳಗೆ ಬಿದ್ದದ್ದು ಹೇಗೂ ಒಡೆದೇ ಹೋಯಿತು ಎನ್ನುವವಳಂತೆ, "ಆಸ್ಪತ್ರೆ ರಸ್ತೇಲಿ ಕ್ಷೌರದಂಗಡಿ ಇಟ್ಟಿದಾನೆ."

ಹುಡುಗನ ತಾಯಿ ಮೂಗಿನಲ್ಲೇ ನಕ್ಕಳು. "ಒಳ್ಳೇದಾಯ್ತು. ಹೊಟ್ಟೆ ಮೇಲಿದ್ದ ಕತ್ತರಿ ಕೂದಲ ಮೇಲೆ ಬಂತಲ್ಲ."

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಮಕ್ಕಳ ಮದುವೆಗೂ ಇದಕ್ಕೂ ಸಂಬಂಧ ಇಲ್ಲ, ಹೆದರ್ಕೋಬೇಡಿ. ಆದ್ರೆ ನೆಂಟರನ್ನೆಲ್ಲ ಊಟಕ್ಕೆ ಕರೀತೀನಿ ಅಂದ್ರಲ್ಲ, ಅವತ್ತು ನಿಮ್ಮ ತಮ್ಮನೂ ಇರಬೇಕು. ಅವರ ಮುಖ ಒಂದ್ಸಲ ನೋಡ್ಬೇಕು ನಂಗೆ."

ಮರುದಿನ ಅಕ್ಕ ಕಚೇರಿ ಮುಗಿಸಿ ನೇರ ಆಸ್ಪತ್ರೆ ರಸ್ತೆಗೆ ಹೋದಳು. ಟೈರಿನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡಂಥ ಕಿರಿದಾದ ಕೋಣೆ. ಎರಡು ಕುರ್ಚಿ, ಒಂದು ಬೆಂಚು. ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಒಬ್ಬ ಗಿರಾಕಿಯ ಗಡ್ಡ ತೆಗೆಯುತ್ತಿದ್ದ ತಮ್ಮ. ಕನ್ನಡಿಯಲ್ಲಿ ಅಕ್ಕನನ್ನು ಕಂಡು ಅವನ ಕೈ ಒಂದು ಕ್ಷಣ ನಿಂತಿತು, ಮತ್ತೆ ನಡೆಯಿತು. ಅಕ್ಕ ಬೆಂಚಿನ ತುದಿಯಲ್ಲಿ ಕೂತು ಮೂಲೆಮೂಲೆಯಲ್ಲೂ ಹುಳುಕು ಹುಡುಕಿದಳು. ನೆಲದ ಮೇಲೆ ಒಂದು ಕೂದಲೂ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಗಿರಾಕಿ ಹೋದ ಮೇಲೆ ಕೇಳಿದಳು. "ಯಾಕೆ ಬಿಟ್ಟೆ ಆ ಕೆಲಸ?"

"ಈಗ ಕೇಳ್ತಿದೀಯಾ?"

"ಈಗಲಾದ್ರೂ ಕೇಳ್ತಿದೀನಲ್ಲ, ಹೇಳು."

ತಮ್ಮ ಟವೆಲು ಮಡಚುತ್ತ ನಿಂತ. "ಎಲ್ಲ ಬೈತಿದ್ರು ಅಕ್ಕಾ. ಅಳ್ತಿದ್ರು, ಶಾಪ ಹಾಕ್ತಿದ್ರು. ಅದೆಲ್ಲ ಅಭ್ಯಾಸ ಆಗಿತ್ತು, ಅದೂ ಸಂಬಳದ ಒಂದು ಭಾಗ ಅಂದ್ಕೊಂಡಿದ್ದೆ. ಒಂದಿನ ಎರಕದ ವಿಭಾಗದ ಒಬ್ಬ ಬಂದ. ಇನ್ನು ಬರಬೇಡ ಅಂದೆ. ಅವನು ಎದ್ದು, ಕುರ್ಚಿ ಸರಿಯಾಗಿ ಮೇಜಿನೊಳಗೆ ತಳ್ಳಿ, 'ಥ್ಯಾಂಕ್ಸ್ ಸಾರ್' ಅಂದ. ಕೈ ಮುಗಿದ. ಬೈದಿದ್ರೆ ನಾನು ಇವತ್ತಿಗೂ ಅಲ್ಲೇ ಇರ್ತಿದ್ದೆನೋ ಏನೋ."

"ಅದಕ್ಕೆ ಇದೇ ಆಗಬೇಕಿತ್ತಾ? ಬೇರೆ ಕೆಲಸ ಇರ್ಲಿಲ್ವಾ ಭೂಮಿ ಮೇಲೆ?"

"ಅಪ್ಪ ಹಾಸಿಗೆ ಹಿಡಿದಾಗ ನಾನೇ ಕ್ಷೌರ ಮಾಡ್ತಿದ್ದೆ. ಯಾರ ಗುರುತೂ ಸಿಗ್ತಿರ್ಲಿಲ್ಲ ಅವರಿಗೆ. ಬಿಸಿ ಟವೆಲು ಇಟ್ಟಾಗ ಮಾತ್ರ ಮುಖ ಸಡಿಲ ಆಗ್ತಿತ್ತು. ನನ್ನ ಕೈಯಿಂದ ಒಬ್ಬ ಮನುಷ್ಯನಿಗೆ ಹಿತ ಆಗಿದ್ದು ಅಂತ ಹುಡುಕಿದ್ರೆ ಅದೊಂದೇ ಸಿಕ್ಕಿದ್ದು."

ಬೀದಿಯಲ್ಲಿ ಟೈರಿನವನು ಗಾಳಿ ತುಂಬುವ ಸದ್ದು ಬರುತ್ತಿತ್ತು. ಅಕ್ಕ ಹುಡುಗನ ತಾಯಿಯ ವಿಷಯ ಹೇಳಿದಳು, ಊಟಕ್ಕೆ ಅವನೂ ಬರಬೇಕೆಂದದ್ದನ್ನೂ. ತಮ್ಮನ ಮುಖದ ಬಣ್ಣ ಇಳಿಯಿತು.

"ನಾನು ಬರಲ್ಲ ಅಕ್ಕಾ. ಅವರ ಮುಖ ಕೂಡ ನೆನಪಿಲ್ಲ ನಂಗೆ."

"ಅಷ್ಟೂ ಜನರನ್ನ ಬೀದಿಗೆ ತಳ್ಳಿ ಒಬ್ಬರ ಮುಖಾನೂ ನೆನಪಿಲ್ವಾ? ಥೂ!"

"ಅದೇ 'ಥೂ' ಅಕ್ಕಾ." ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ನಾನು ದಿನಾ ಅಂದ್ಕೊಳ್ತಿದ್ದಿದ್ದು ಅದನ್ನೇ. ನೀನೂ ಉಗೀತಾನೇ ಇದ್ದೆ, ಇಲ್ಲ ಅನ್ನಲ್ಲ. ಉಗೀಬೇಕಾದ ಕೆಲಸ ಬಿಟ್ಟು ಇನ್ನೊಂದಕ್ಕೆ ಉಗೀತಿದ್ದೆ, ಅಷ್ಟೇ."

ಅಕ್ಕ ಎದ್ದು ನಿಂತಳು. ಮಾತಿಗೆ ಮಾತು ಕೊಡದೆ ಅವಳು ಎದ್ದದ್ದು ಅಪರೂಪ. ಬಾಗಿಲ ಬಳಿ ಹೋಗಿ, ತಿರುಗದೆಯೇ ಹೇಳಿದಳು: "ಊಟಕ್ಕೆ ಬಾ. ಬರ್ಲಿಲ್ಲ ಅಂದ್ರೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ."

ಊಟದ ದಿನ ತಮ್ಮ ಬಂದ. ಒಗೆದ ಬಿಳಿ ಅಂಗಿ ಹಾಕಿ, ಹೊಸಬನಂತೆ ಗೋಡೆಗೆ ಆನಿಕೊಂಡು ನಿಂತ. ಹುಡುಗನ ತಾಯಿ ಜನರ ನಡುವಿನಿಂದ ದಾರಿ ಮಾಡಿಕೊಂಡು ಅವನ ಎದುರಿಗೇ ಬಂದಳು. ಅಕ್ಕ ಕೈಯಲ್ಲಿದ್ದ ತಟ್ಟೆಗಳನ್ನು ಅಲ್ಲೇ ಇಟ್ಟು ತಮ್ಮನ ಪಕ್ಕಕ್ಕೆ ಬಂದು ನಿಂತಳು.

"ನನ್ನ ಗುರುತು ಸಿಕ್ತಾ?"

"ಇಲ್ಲಮ್ಮ. ಆಗ ಯಾರ ಮುಖಾನೂ ನೋಡ್ತಿರ್ಲಿಲ್ಲ. ನೋಡಿದ್ರೆ ಮಾತು ಹೊರಡ್ತಿರ್ಲಿಲ್ಲ."

"ಈಗ ನೋಡಿ."

ಅವನು ನೋಡಿದ. ಕಣ್ಣು ಕೆಳಗಿಳಿಸಲು ಆಕೆ ಬಿಡಲಿಲ್ಲ.

"ಕ್ಷಮಿಸಿ ಅಂತ ಮಾತ್ರ ಹೇಳ್ಬೇಡಿ," ಎಂದಳು ಆಕೆ ಕೊನೆಗೆ. "ಅದೂ ಕಂಪನಿಯವರ ಮಾತಿನ ಹಾಗೇ ಕೇಳತ್ತೆ ನಂಗೆ."

"ಹೇಳಲ್ಲ."

"ಸರಿ. ಕೂತ್ಕೊಳ್ಳಿ." ಕ್ಷಮಿಸಿದ್ದಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಆದರೆ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಎತ್ತಿ ಕೆಳಗಿಟ್ಟಳು.

ಅವನು ಕೂರುತ್ತಿದ್ದಂತೆಯೇ ಮೇಜಿನ ಆ ತುದಿಯಿಂದ ಸೋದರತ್ತೆಯ ಧ್ವನಿ ಬಂತು. ಅವಳಿಗೆ ಕಿವಿ ಮಂದ. ಆದ್ದರಿಂದ ಅವಳು ಪಿಸುಗುಟ್ಟಿದರೂ ಬೀದಿಗೆ ಕೇಳುತ್ತಿತ್ತು. "ಏನೋ, ಕಾರ್ಖಾನೆ ಬಿಟ್ಟೆಯಂತಲ್ಲ! ಈಗ ಎಲ್ಲಿದೀಯೋ?"

"ಸ್ವಂತ ಉದ್ಯಮ ಅತ್ತೆ, ಸ್ವಂತ..." ಅಕ್ಕನ ಗಂಡ ಕಲಿತ ಪಾಠವನ್ನು ಒಪ್ಪಿಸಲು ಮುಂದಾದ.

"ಕ್ಷೌರ ಮಾಡ್ತಾನೆ ಅತ್ತೆ," ಎಂದಳು ಅಕ್ಕ.

"ಏನು?"

"ಕ್ಷೌರ! ಆಸ್ಪತ್ರೆ ರಸ್ತೇಲಿ ಅಂಗಡಿ ಇದೆ. ಚೆನ್ನಾಗಿ ಮಾಡ್ತಾನೆ."

ಅತ್ತೆಯ ತುಟಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಅವಳು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದಳು. ಆಮೇಲೆ ಅದೇ ನೋಟವನ್ನು ಅಕ್ಕನ ಕಡೆಗೆ ತಿರುಗಿಸಿದಳು. ಜೊತೆಗೆ ಇನ್ನೂ ನಾಲ್ಕಾರು ತಲೆಗಳು ತಿರುಗಿದವು. ಹಾಗೆ ನೋಡುವುದು ಹೇಗೆಂದು ಅಕ್ಕನಿಗೆ ಬಾಲ್ಯದಿಂದಲೂ ಗೊತ್ತಿತ್ತು. ನೋಡಿಸಿಕೊಳ್ಳುವುದು ಗೊತ್ತಿರಲಿಲ್ಲ. ಕೆನ್ನೆ ಉರಿಯಿತು, ಕೈಗಳನ್ನು ಎಲ್ಲಿಡಬೇಕೆಂದು ತೋಚಲಿಲ್ಲ.

ಅವಳು ತಮ್ಮನ ಇನ್ನೊಂದು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಊಟ ಮಾಡಿ ಅತ್ತೆ," ಎಂದಳು. "ಆರಿಹೋಗತ್ತೆ."